ಕನಿಕರ ಸಾಕೇ?

ಮದುವೆ ಮನೆಯಲ್ಲಿ ಮುಖದ ಮೇಲೆ ಬಿಳಿ ಮಚ್ಚೆಗಳಿರುವ ಯುವತಿಯೊಬ್ಬಳು ನಿಮ್ಮ ಪಕ್ಕದಲ್ಲಿ ಊಟಕ್ಕೆ ಕುಳಿತಳೆನ್ನಿ. ನೀವು ಎದ್ದು ಹೋಗಲಾರಿರಿ. 'ಪಾಪ' ಎಂದುಕೊಂಡು ಮೆಲ್ಲನೆ ಮುಖ ತಿರುಗಿಸುವಿರಿ. ಆ 'ಪಾಪ' ಎಂಬುದು ಪ್ರೀತಿಯೇ, ಅಥವಾ ಸಭ್ಯತೆಯ ಉಡುಪು ತೊಟ್ಟ ತಿರಸ್ಕಾರವೇ?

ಈ ಪ್ರಶ್ನೆ ನನ್ನನ್ನು ಕಾಡಿದ್ದು ಮದ್ರಸದ ತರಗತಿಯಲ್ಲಿ. ತೊನ್ನಿದ್ದ ಬಾಲಕನೊಬ್ಬ ಹೊಸದಾಗಿ ಸೇರಿದ್ದ. ಅವನನ್ನು ಯಾರೂ ಗೇಲಿ ಮಾಡಬಾರದೆಂದು ಅವನೆದುರೇ ಎಲ್ಲರಿಗೂ ಬುದ್ಧಿ ಹೇಳಿದೆ. ಮರುದಿನ ಅವನು ಅಂಗಿಯ ತೋಳನ್ನು ಬೆರಳ ತನಕ ಎಳೆದುಕೊಂಡು ಹಿಂದಿನ ಸಾಲಿನಲ್ಲಿ ಕುಳಿತ. ಮಕ್ಕಳಾರೂ ಏನೂ ಅಂದಿರಲಿಲ್ಲ. ಅವನು ಬೇರೆಯವನೆಂದು ಸಾರಿದವನು ನಾನೇ!

ಪ್ರವಾದಿವರ್ಯರ(ಸ) ರೀತಿ ಹೀಗಿರಲಿಲ್ಲ. ಮರುಭೂಮಿಯ ನಿವಾಸಿ ಝಾಹಿರ್‌(ರ) ನೋಡಲು ಸುಂದರರಾಗಿರಲಿಲ್ಲ. ಒಮ್ಮೆ ಅವರು ಸಂತೆಯಲ್ಲಿ ಸರಕು ಮಾರುತ್ತಿದ್ದಾಗ ಪ್ರವಾದಿವರ್ಯರು(ಸ) ಹಿಂದಿನಿಂದ ಬಂದು ಅವರನ್ನು ಅಪ್ಪಿಕೊಂಡರು. ಯಾರೆಂದು ತಿಳಿದೊಡನೆ ಝಾಹಿರ್ ತಮ್ಮ ಬೆನ್ನನ್ನು ಆ ಎದೆಗೆ ಇನ್ನಷ್ಟು ಒತ್ತಿಕೊಂಡರು. ಈ ದಾಸನನ್ನು ಕೊಳ್ಳುವವರು ಯಾರೆಂದು ಪ್ರವಾದಿವರ್ಯರು(ಸ) ವಿನೋದವಾಗಿ ಕೂಗಿದಾಗ, ತನಗೆ ಬೆಲೆಯೇ ಸಿಗದೆಂದರು ಝಾಹಿರ್. ಲೋಕ ಅವರಿಗೆ ಕಲಿಸಿದ್ದ ಪಾಠ ಅದು. ಅಲ್ಲಾಹನ ಬಳಿ ಅವರು ಬೆಲೆಯುಳ್ಳವರೆಂಬ ಉತ್ತರ ಬಂತು. ಅಲ್ಲಿ ಉಪದೇಶವಿರಲಿಲ್ಲ, ಕನಿಕರವೂ ಇರಲಿಲ್ಲ. ತುಂಬಿದ ಸಂತೆಯಲ್ಲಿ ಗೆಳೆಯನೊಡನೆ ಗೆಳೆಯನ ಸಲಿಗೆಯಿತ್ತು.

ಗೇಲಿಗೊಳಗಾದವರೇ ಗೇಲಿ ಮಾಡುವವರಿಗಿಂತ ಉತ್ತಮರಾಗಿರಬಹುದೆಂದು ಸೂರಃ ಅಲ್ ಹುಜುರಾತ್‌ನ 11ನೇ ಸೂಕ್ತ ಎಚ್ಚರಿಸುತ್ತದೆ. ಯಮನಿನ ಉವೈಸ್‌ರನ್ನು ನೋಡಿ. ಅವರಿಗೂ ತೊನ್ನಿತ್ತು, ಗುಣವಾದ ಮೇಲೂ ಒಂದು ದಿರ್‌ಹಮ್‌ನಷ್ಟು ಕಲೆ ಉಳಿದಿತ್ತು. ಕೂಫಾದಲ್ಲಿ ಅವರನ್ನು ಹೀಯಾಳಿಸುವವನೊಬ್ಬನಿದ್ದ. ಆದರೆ ಸಾಧ್ಯವಾದರೆ ಅವರಿಂದ ಪ್ರಾರ್ಥನೆ ಮಾಡಿಸಿಕೊಳ್ಳಿರೆಂದು ಪ್ರವಾದಿವರ್ಯರು(ಸ) ಹೇಳಿದ್ದರು. ಖಲೀಫ ಉಮರ್‌(ರ) ಅವರನ್ನು ಹುಡುಕಿ, ತಮ್ಮ ಪಾಪವಿಮೋಚನೆಗಾಗಿ ಪ್ರಾರ್ಥಿಸಲು ಕೇಳಿಕೊಂಡರು.

ತೊನ್ನು ಅಂಟುರೋಗವಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗುವುದರಿಂದ ಅದು ಉಂಟಾಗುತ್ತದೆ. ಕೈಕುಲುಕಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಹರಡುವುದಿಲ್ಲ. ಆದರೂ ಅದನ್ನು 'ಶ್ವೇತಕುಷ್ಠ'ವೆಂದು ಕರೆದು, ಮನೆಯ ಇತರ ಹೆಣ್ಣುಮಕ್ಕಳ ಸಂಬಂಧವನ್ನೂ ಮುರಿಯುವವರು ನಮ್ಮಲ್ಲಿದ್ದಾರೆ.

ನಾನು ಆ ಬಾಲಕನ ಕುರಿತು ಮಾತನಾಡುವುದನ್ನು ನಿಲ್ಲಿಸಿದೆ. ಎಲ್ಲರಂತೆ ಅವನಿಂದಲೂ ಓದಿಸಿದೆ, ತಪ್ಪಿದಾಗ ಎಲ್ಲರಂತೆ ತಿದ್ದಿದೆ. ಕೆಲವು ವಾರಗಳ ಬಳಿಕ ಒಂದು ಬೆಳಿಗ್ಗೆ ಅವನು ತೋಳು ಮಡಚಿಕೊಂಡು, ಸಹಪಾಠಿಯೊಡನೆ ಜಗಳವಾಡುತ್ತಾ ಒಳಬಂದ. ಇಬ್ಬರನ್ನೂ ಗದರಿದೆ, ಮನಸ್ಸು ಮಾತ್ರ ಅಲ್ಲಾಹನನ್ನು ಸ್ತುತಿಸಿತು.

ಓದುಗರೇ, ಮುಂದಿನ ಮದುವೆ ಮನೆಯಲ್ಲಿ ಮುಖ ತಿರುಗಿಸಬೇಡಿ. ಸಲಾಮ್ ಹೇಳಿ, ಅನ್ನದ ತಟ್ಟೆಯನ್ನು ಅವಳತ್ತ ಸರಿಸಿ, ಯಾವ ಊರೆಂದು ಕೇಳಿ. ನಾಳೆ ನಿಮ್ಮ ಮಗನಿಗೆ ಅಂಥ ಸಂಬಂಧವೊಂದು ಬಂದರೆ? ನಮ್ಮ ಪ್ರೀತಿಯ ನಿಜವಾದ ಪರೀಕ್ಷೆ ಅಲ್ಲಿದೆ.