ತೊಟ್ಟಿಲಿನಿಂದ ಶಾಲೆಗೆ ಒಂದೇ ನೆಗೆತ

ಕಥೆಯಲ್ಲಿ ಬರುವ ಮಗುವಿನ ವಯಸ್ಸೆಷ್ಟು ಎಂದು ಕೇಳುವುದು ರಸಿಕರ ಲಕ್ಷಣವಲ್ಲವೆಂಬ ಅಭಿಪ್ರಾಯವೊಂದು ನಮ್ಮಲ್ಲಿದೆ. ಶಕುಂತಲೆಯ ಮಗ ಸಿಂಹದ ಮರಿಯ ಹಲ್ಲನ್ನು ಎಣಿಸಹೊರಟಾಗ ಅವನಿಗೆ ಎಷ್ಟು ತುಂಬಿತ್ತೆಂದು ಎದ್ದುನಿಂತು ಕೇಳುವ ವಿದ್ಯಾರ್ಥಿಯನ್ನು ಯಾವ ತರಗತಿಯಲ್ಲಿಯೂ ಮೆಚ್ಚುವುದಿಲ್ಲ. ‘ಕೂತುಕೋ, ರಸವನ್ನು ನೋಡು’ ಎನ್ನುತ್ತೇವೆ. ಇದು ತಕ್ಕ ಉತ್ತರವೇ. ಆದರೆ ಎಲ್ಲ ಕಥೆಗಳಿಗೂ ಇದೇ ಉತ್ತರ ಸಲ್ಲುವುದೆ? ಅಮೆರಿಕದ ದೂರದರ್ಶನದಲ್ಲಿ ಎಪ್ಪತ್ತು ವರ್ಷಗಳಿಗೂ ಮಿಕ್ಕಿ ನಡೆದುಬಂದಿರುವ ಸಂಸಾರದ ಹಾಸ್ಯ ಧಾರಾವಾಹಿಗಳ ವಿಷಯಕ್ಕೆ ಬಂದಾಗ ನಾನು ಬೆರಳು ಮಡಿಸಿ ಲೆಕ್ಕ ಹಾಕುವವರ ಪಕ್ಷ.

‘ಐ ಲವ್ ಲೂಸಿ’ಯಿಂದಲೇ ಆರಂಭಿಸೋಣ. ೧೯೫೩ರ ಜನವರಿ ೧೯ರ ರಾತ್ರಿ ಕಥೆಯ ಲೂಸಿಗೆ ಗಂಡುಮಗುವಾಯಿತು. ಅದೇ ದಿನ ಲೂಸಿಯ ಪಾತ್ರ ವಹಿಸುತ್ತಿದ್ದ ಲೂಸಿಲ್ ಬಾಲ್ ಅವರಿಗೂ ಗಂಡುಮಗುವಾಯಿತು. ಆ ಪ್ರಸಂಗವನ್ನು ಸುಮಾರು ನಾಲ್ಕೂವರೆ ಕೋಟಿ ಜನ ನೋಡಿದರೆಂದೂ, ಮರುದಿನ ಐಸೆನ್‌ಹೋವರ್ ಅಧ್ಯಕ್ಷ ಪದವಿಯ ಪ್ರಮಾಣವಚನ ಸ್ವೀಕರಿಸಿದ್ದನ್ನು ಅಷ್ಟು ಜನ ನೋಡಲಿಲ್ಲವೆಂದೂ ಹೇಳುತ್ತಾರೆ. ಒಂದು ದೇಶಕ್ಕೆ ದೇಶವೇ ಕುಳಿತು ಜಾತಕ ಬರೆದಿಡಬಹುದಾಗಿದ್ದ ಮಗು ಅದು! ಆದರೆ ೧೯೫೬ರಲ್ಲಿ ಆ ಪಾತ್ರಕ್ಕೆ ತಂದದ್ದು ೧೯೫೦ರಲ್ಲಿ ಹುಟ್ಟಿದ ಒಬ್ಬ ಹುಡುಗನನ್ನು. ಲೆಕ್ಕದಂತೆ ಮೂರು ದಾಟಿ ನಾಲ್ಕಕ್ಕೆ ಬಿದ್ದಿರಬೇಕಾದ ಕೂಸು ಸೊಗಸಾಗಿ ಡ್ರಮ್ಮು ಬಾರಿಸತೊಡಗಿತು. ಯಾರೂ ತಕರಾರು ಮಾಡಲಿಲ್ಲ. ಮಾಡಿದ್ದರೂ ನಗುವಿನ ಸದ್ದಿನಲ್ಲಿ ಅದು ಕೇಳಿಸುತ್ತಿರಲಿಲ್ಲ.

ಮುಂದೆ ಇದೇ ಪದ್ಧತಿಯಾಯಿತು. ‘ಫ್ಯಾಮಿಲಿ ಟೈಸ್’ನಲ್ಲಿ ಕೀಟನ್ ದಂಪತಿಗಳ ಕೊನೆಯ ಮಗ ಆಂಡ್ರೂ ಹುಟ್ಟಿದ್ದು ೧೯೮೫ರಲ್ಲಿ. ೧೯೮೬ರಲ್ಲಿ ಹೊಸ ಕಂತುಗಳು ಆರಂಭವಾಗುವ ವೇಳೆಗೆ ಅವನು ಅಣ್ಣನ ರಾಜಕೀಯವನ್ನು ಅನುಕರಿಸುವ ಮಾತುಗಾರ. ‘ಗ್ರೋಯಿಂಗ್ ಪೇನ್ಸ್’ನ ಕ್ರಿಸ್ಸಿ ಹುಟ್ಟಿದ್ದು ೧೯೮೮ರಲ್ಲಿ, ೧೯೯೦ರಲ್ಲಿ ಅವಳಿಗೆ ಆರು ವರ್ಷ. ಆ ಧಾರಾವಾಹಿಯ ಹೆಸರಿನ ಅರ್ಥವೇ ಬೆಳೆಯುವ ಬೇನೆ. ಆ ಬೇನೆ ಈ ಮಗುವೊಂದಕ್ಕೆ ಮಾತ್ರ ತಪ್ಪಿತು.

ಇದಕ್ಕೆ ಕಾರಣವನ್ನು ಕಾವ್ಯಮೀಮಾಂಸೆಯಲ್ಲಿ ಹುಡುಕಬೇಕಾಗಿಲ್ಲ. ಹಸುಗೂಸಿಗೆ ಮಾತು ಬಾರದು, ಮಾತಿಲ್ಲದೆ ಹಾಸ್ಯವಿಲ್ಲ. ಅಲ್ಲದೆ ಕ್ಯಾಲಿಫೋರ್ನಿಯದ ಕಾನೂನಿನಂತೆ ಆರು ತಿಂಗಳೊಳಗಿನ ಶಿಶುವಿನಿಂದ ದಿನಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಬಹಳ ಒಳ್ಳೆಯ ಕಾನೂನು. ಅದನ್ನು ಪಾಲಿಸಿಯೂ ಕೆಲಸ ಸಾಗಿಸುವುದಕ್ಕೆಂದು ಅವಳಿ ಮಕ್ಕಳನ್ನು ತರುತ್ತಾರೆ. ‘ಫುಲ್ ಹೌಸ್’ನ ಮಿಶೆಲ್ ಎಂಬ ಒಂದು ಮಗುವಾಗಿ ಓಲ್ಸೆನ್ ಅವಳಿಗಳು ನಟಿಸಿದ್ದು ಹೀಗೆ. ಅವಳಿಗಳೂ ಸಾಲದೆ ಹೋದಾಗ ಮಗುವನ್ನು ಬೇಗ ಬೆಳೆಸಿಬಿಡುವುದು ಇನ್ನೊಂದು ಉಪಾಯ. ನಿಜವಾದ ಮಗುವಿನ ಶ್ರಮವನ್ನು ಅಳೆಯುವ ಗಡಿಯಾರ ಕಥೆಯ ಮಗುವಿನ ಬಾಲ್ಯವನ್ನೂ ಅಳೆಯಿತೆಂದಾಯಿತು.

ವಯಸ್ಸನ್ನು ಮುಖ ನೋಡಿ ಹೇಳುವುದು ಕಷ್ಟ. ಇಷ್ಟೆಂದರೆ ಇಷ್ಟು, ಅಷ್ಟೆಂದರೆ ಅಷ್ಟು. ಶಾಲೆಯ ತರಗತಿ ಹಾಗಲ್ಲ. ಅದು ವರ್ಷಕ್ಕೊಂದು ಮೆಟ್ಟಿಲು. ‘ಬಾಯ್ ಮೀಟ್ಸ್ ವರ್ಲ್ಡ್’ನ ಕೋರಿ ಎಂಬ ಹುಡುಗ ೧೯೯೩ರಲ್ಲಿ ಆರನೆಯ ತರಗತಿಯಲ್ಲಿದ್ದ, ಮರುವರ್ಷ ಏಳನೆಯದರಲ್ಲಿ. ಅದೇ ಕ್ರಮದಲ್ಲಿ ೧೯೯೮ರ ಬೇಸಿಗೆಗೆ ಅವನು ಹತ್ತನೆಯದನ್ನು ಮುಗಿಸಬೇಕು. ಮುಗಿಸಿದ್ದು ಹನ್ನೆರಡನೆಯದನ್ನು! ಮೇಷ್ಟರಾದ ನನಗೆ ಇಲ್ಲಿ ನಗುವಿಗಿಂತ ಹೆಚ್ಚಾಗಿ ಕಳವಳವಾಗುತ್ತದೆ. ಆ ಎರಡು ವರ್ಷಗಳಲ್ಲಿ ಅವನು ಏನನ್ನು ಓದಿದ? ಅವನಿಗೆ ಆರನೆಯ ತರಗತಿಯಲ್ಲಿ ಪಾಠ ಹೇಳಿದ ಫೀನಿ ಎಂಬ ಉಪಾಧ್ಯಾಯರು ಹೈಸ್ಕೂಲಿಗೂ ಆಮೇಲೆ ಕಾಲೇಜಿಗೂ ಅವನ ಹಿಂದೆಯೇ ಬರುತ್ತಾರೆ. ಅವರಾದರೂ ಹಾಜರಿ ಪುಸ್ತಕವನ್ನು ಒಮ್ಮೆ ತಿರುವಿಹಾಕಬಾರದಿತ್ತೆ?

ವಾರಕ್ಕೊಂದು ಕಂತಿನಂತೆ, ನಡುವೆ ಬೇಸಿಗೆಯ ಬಿಡುವು ಬಿಟ್ಟು ತೋರಿಸುತ್ತಿದ್ದ ಕಾಲದಲ್ಲಿ ಈ ಬಿರುಕುಗಳು ಕಾಣುತ್ತಿರಲಿಲ್ಲ. ಈಗ ಇಡೀ ಧಾರಾವಾಹಿಯನ್ನು ನಾಲ್ಕಾರು ರಾತ್ರಿಗಳಲ್ಲಿ ಫೋನಿನಲ್ಲಿಯೇ ನೋಡಿ ಮುಗಿಸುವವರಿದ್ದಾರೆ. ಅವರ ಪಾಲಿಗೆ ತೊಟ್ಟಿಲ ಮಗು ಬೆಳಗಾಗುವುದರೊಳಗೆ ಚೀಲ ಹೊತ್ತು ನಿಂತಿರುತ್ತದೆ.

‘ಆದರೇನಾಯಿತು?’ ಎನ್ನುವವರ ಕಡೆಗೆ ದೊಡ್ಡ ಸಾಕ್ಷಿಯೇ ಇದೆ. ಹೆಣ್ಣು ಜಿಂಕೆಗೆ ಕೊಂಬಿಲ್ಲವೆಂದು ತಿಳಿಯದೆ ಕೊಂಬು ಬರೆದ ಚಿತ್ರಕಾರನ ತಪ್ಪು, ಜಿಂಕೆಯೆಂದು ಗುರುತೇ ಹತ್ತದಂತೆ ಬರೆದವನ ತಪ್ಪಿಗಿಂತ ಚಿಕ್ಕದೆಂದು ಅರಿಸ್ಟಾಟಲ್ ಹೇಳುತ್ತಾನೆ. ಒಂದು ಕಲೆಗೆ ತಗುಲುವ ದೋಷ, ಇನ್ನೊಂದು ಬರಿಯ ಮಾಹಿತಿಗೆ ತಗುಲುವುದು. ಒಪ್ಪಬೇಕಾದ ಮಾತು. ಆದರೆ ಮಗುವಿನ ವಯಸ್ಸು ಈ ಧಾರಾವಾಹಿಗಳಲ್ಲಿ ಜಿಂಕೆಯ ಕೊಂಬೆ, ಅಥವಾ ಜಿಂಕೆಯೆ? ಪತ್ತೇದಾರಿ ಕಥೆಯಲ್ಲಿ ವಾಟ್ಸನ್ನನ ಗಾಯ ಒಮ್ಮೆ ಭುಜದಲ್ಲಿಯೂ ಒಮ್ಮೆ ಕಾಲಿನಲ್ಲಿಯೂ ಇದ್ದರೆ ಕೊಲೆಗಾರನನ್ನು ಹಿಡಿಯುವುದೇನೂ ನಿಲ್ಲುವುದಿಲ್ಲ. ಸಂಸಾರದ ಕಥೆಗೆ ಮಾತ್ರ ಮಕ್ಕಳು ಬೆಳೆಯುವುದೇ ವಸ್ತು. ಹಲ್ಲು ಬಿತ್ತು, ಪರೀಕ್ಷೆ ಬಂತು, ಹುಡುಗಿ ಮೊದಲ ಸಲ ಬಾಗಿಲು ಹಾಕಿಕೊಂಡು ಅತ್ತಳು—ಇವಿಷ್ಟೇ ಅಲ್ಲಿಯ ಯುದ್ಧಕಾಂಡ. ಔಚಿತ್ಯದ ಸ್ಥಾನಗಳನ್ನು ಎಣಿಸಿದ ಕ್ಷೇಮೇಂದ್ರ ಕಾಲ, ದೇಶಗಳ ಜೊತೆಗೆ ಅವಸ್ಥೆಯನ್ನೂ ಸೇರಿಸಿದ್ದಾನೆ. ಅವನ ಎದುರಿನಲ್ಲಿ ಈ ಆಂಡ್ರೂವನ್ನು ನಿಲ್ಲಿಸಿ ನೋಡಬೇಕೆನ್ನಿಸುತ್ತದೆ.

ಹಾಗಾದರೆ ಬೆಳೆಯದೆಯೇ ಉಳಿದವರ ಗತಿಯೇನು? ‘ದಿ ಸಿಂಪ್ಸನ್ಸ್’ನ ಬಾರ್ಟ್ ೧೯೮೯ರಲ್ಲಿ ಆ ಧಾರಾವಾಹಿ ಆರಂಭವಾದಾಗ ಹತ್ತು ವರ್ಷದವನು, ನಾಲ್ಕನೆಯ ತರಗತಿ. ಇಂದಿಗೂ ಹತ್ತು, ಇಂದಿಗೂ ನಾಲ್ಕನೆಯ ತರಗತಿ. ಅವನು ಚಿತ್ರದ ಹುಡುಗ, ದನಿ ಕೊಡುವವರು ವಯಸ್ಕ ಹೆಂಗಸು. ಬೆಳೆಯಲೇಬೇಕಾದ ದೇಹ ಅಲ್ಲಿಲ್ಲ. ನಮಗೆ ಇದು ಹೊಸದಲ್ಲ. ಮಾರ್ಕಂಡೇಯನಿಗೆ ಎಂದೆಂದಿಗೂ ಹದಿನಾರೇ ಎಂದರೆ ನಾವು ಪಂಚಾಂಗ ತೆಗೆಯುವುದಿಲ್ಲ. ಅದು ವರ, ವರಕ್ಕೆ ಗಣಿತವಿಲ್ಲ. ಆದರೆ ಈ ಹುಡುಗನ ವರವನ್ನು ಬೇರೆಯವರು ತೆತ್ತರು. ೧೯೯೧ರ ಒಂದು ಕಂತಿನಲ್ಲಿ ಅವನ ತಂದೆತಾಯಿಗಳು ಹೈಸ್ಕೂಲಿನಲ್ಲಿ ಸಂಧಿಸಿದ್ದು ೧೯೭೪ರಲ್ಲಿ. ೨೦೦೮ರಲ್ಲಿಯೂ ಮಗನಿಗೆ ಹತ್ತೇ ವರ್ಷವಾದ ಮೇಲೆ ಆ ಯೌವನವನ್ನು ಎಲ್ಲಿಡುವುದು? ಮತ್ತೊಂದು ಕಂತಿನಲ್ಲಿ ಅವರ ತಾರುಣ್ಯದ ದಿನಗಳನ್ನು ಎತ್ತಿ ೧೯೯೦ರ ದಶಕಕ್ಕೆ ತಂದಿಟ್ಟರು. ನೋಡುಗರಲ್ಲಿ ಅನೇಕರು ಸಿಟ್ಟಾದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಮಗ ಬೆಳೆಯದಿರಲೆಂದು ತಂದೆತಾಯಿಗಳ ನೆನಪನ್ನೇ ಅಳಿಸಿದ್ದಾಯಿತು.

ನಮ್ಮಲ್ಲಿಯೂ ವಯಸ್ಸು ತಿದ್ದುವುದಿಲ್ಲವೆ ಎಂದು ಯಾರಾದರೂ ಕೇಳಬಹುದು. ತಿದ್ದುತ್ತಿದ್ದರು, ಧಾರಾಳವಾಗಿ. ಬಲಗೈಯನ್ನು ನೆತ್ತಿಯ ಮೇಲಿನಿಂದ ತಂದು ಎಡಗಿವಿಯನ್ನು ಮುಟ್ಟಿದರೆ ಮಗು ಶಾಲೆಗೆ ತಕ್ಕದ್ದಾಯಿತು. ಮೇಷ್ಟರು ಜೂನ್ ಒಂದೆಂದು ಬರೆದರು, ಮುಗಿಯಿತು. ಇಂದು ನಿವೃತ್ತರಾಗುತ್ತಿರುವ ಎಷ್ಟೋ ಜನ ಒಂದೇ ದಿನ ಹುಟ್ಟಿದವರು. ಶಾಲೆಯ ದಾಖಲೆಯಲ್ಲಿ ಆ ಹುಡುಗನ ವಯಸ್ಸು ಸುಳ್ಳಾಗಿರಬಹುದು. ಆದರೆ ಮನೆಯಲ್ಲಿ ಅಜ್ಜಿಯನ್ನು ಕೇಳಿದರೆ, ಕೆರೆ ಕೋಡಿಬಿದ್ದ ವರ್ಷ, ಗೌರಿಹಬ್ಬ ಮುಗಿದ ಮೂರನೆಯ ದಿನ, ಕೊಟ್ಟಿಗೆಯಲ್ಲಿ ಹಸು ಈದಿತ್ತು ಎಂದು ಹೇಳುತ್ತಿದ್ದಳು. ಸುಳ್ಳು ಕಾಗದದಲ್ಲಿತ್ತು, ದಿನಗಳನ್ನು ಮಾತ್ರ ಯಾರೂ ಕದ್ದಿರಲಿಲ್ಲ. ಪರದೆಯ ಮಗುವಿಗೆ ಅಂಥ ಅಜ್ಜಿಯಿಲ್ಲ. ಕಾಗದದಲ್ಲಿ ಬರೆದದ್ದೇ ಅದರ ಬಾಳು. ಅಲ್ಲಿ ಎರಡು ವರ್ಷ ಹಾರಿಸಿದರೆ, ಆ ಎರಡು ವರ್ಷ ಅದನ್ನು ಯಾರೂ ಎತ್ತಿಕೊಂಡಿಲ್ಲ, ಯಾರೂ ಅದರ ಜ್ವರಕ್ಕೆ ರಾತ್ರಿ ಎದ್ದು ಕುಳಿತಿಲ್ಲ. ತಾಯಿಯ ಪಾತ್ರದವಳು ಮುಂದೆ ಎಷ್ಟು ಮಮತೆ ತೋರಿದರೂ ನನಗೆ ಈ ಸಂಶಯ ಹೋಗುವುದಿಲ್ಲ.

ವಯಸ್ಸು ತಪ್ಪುವುದು ಹಾಗಿರಲಿ, ಮಗುವೇ ತಪ್ಪಿಹೋದದ್ದೂ ಉಂಟು. ‘ಫ್ಯಾಮಿಲಿ ಮ್ಯಾಟರ್ಸ್’ ೧೯೮೯ರಲ್ಲಿ ಆರಂಭವಾದಾಗ ವಿನ್ಸ್‌ಲೋ ಮನೆಯಲ್ಲಿ ಮೂವರು ಮಕ್ಕಳು. ಕೊನೆಯವಳು ಜೂಡಿ. ನೆರೆಮನೆಯ ಅರ್ಕಲ್ ಎಂಬ ಹುಡುಗ ಜನಪ್ರಿಯನಾಗಿ ಕಥೆಯನ್ನೆಲ್ಲ ಆವರಿಸಿಕೊಂಡ. ೧೯೯೩ರ ಅನಂತರ ಜೂಡಿ ಇಲ್ಲ. ಸತ್ತಳೆಂದಿಲ್ಲ, ಹಾಸ್ಟೆಲಿಗೆ ಹೋದಳೆಂದಿಲ್ಲ. ಧಾರಾವಾಹಿ ಇನ್ನೂ ಐದು ವರ್ಷ ನಡೆಯಿತು. ಮನೆಯಲ್ಲಿ ಒಬ್ಬರೂ ಅವಳ ಮಾತೆತ್ತಲಿಲ್ಲ. ಕಥೆಗಾರನಿಗೆ ಒಬ್ಬ ಪಾತ್ರವನ್ನು ಕೈಬಿಡುವ ಹಕ್ಕಿದೆ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ತಾನು ಕೈಬಿಟ್ಟದ್ದನ್ನು ಆ ತಂದೆತಾಯಿಗಳ ಮೇಲೆ ಹೊರಿಸುವ ಹಕ್ಕು ಅವನಿಗೆ ಎಲ್ಲಿಂದ ಬಂತು? ಮಗಳನ್ನು ಮರೆತವರನ್ನು ಒಳ್ಳೆಯ ತಂದೆತಾಯಿಗಳೆಂದು ನಮ್ಮಿಂದ ವಾರವಾರವೂ ಒಪ್ಪಿಸಿಕೊಂಡನಲ್ಲ! ವಯಸ್ಸು ಎಣಿಸುವವರನ್ನು ಕೆಲಸವಿಲ್ಲದವರೆಂದು ನಗುತ್ತಾರೆ. ಜೂಡಿಗೆ ಈಗ ಎಷ್ಟು ವರ್ಷವಾಗಿರಬೇಕೆಂದು ಲೆಕ್ಕ ಹಾಕುವವರು ಅವರು ಮಾತ್ರ.

ಇದಕ್ಕೂ ಹಿಂದಿನದು ‘ಹ್ಯಾಪಿ ಡೇಸ್’. ೧೯೭೪ರಲ್ಲಿ ಅದು ತೊಡಗಿದಾಗ ಕನ್ನಿಂಗ್‌ಹ್ಯಾಮ್ ಮನೆಯ ಹಿರಿಯ ಮಗ ಚಕ್. ಕೈಯಲ್ಲಿ ಬ್ಯಾಸ್ಕೆಟ್‌ಬಾಲ್ ಹಿಡಿದು ಬಂದು ಹೋಗುವುದಕ್ಕಿಂತ ಹೆಚ್ಚಿನದೇನನ್ನೂ ಅವನಿಂದ ಮಾಡಿಸಲಿಲ್ಲ. ಎರಡನೆಯ ವರ್ಷದ ಅನಂತರ ಅವನೂ ಇಲ್ಲ. ೧೯೮೪ರಲ್ಲಿ ಮಗಳ ಮದುವೆಯೊಂದಿಗೆ ಧಾರಾವಾಹಿ ಮುಗಿಯುತ್ತದೆ. ತಂದೆ ಎದ್ದುನಿಂತು, ಗಂಟಲು ಕಟ್ಟಿದ ದನಿಯಲ್ಲಿ, ತಮ್ಮ ಇಬ್ಬರು ಮಕ್ಕಳೂ ದೊಡ್ಡವರಾದರೆಂದು ಹೇಳಿ ಎಲ್ಲರಿಗೂ ಕೃತಜ್ಞತೆ ಸಲ್ಲಿಸುತ್ತಾನೆ. ತಾಯಿ ಪಕ್ಕದಲ್ಲಿಯೇ ಇದ್ದಾಳೆ. ಅವಳೂ ತಿದ್ದುವುದಿಲ್ಲ.