ಹುಟ್ಟುಗುಣವೋ, ರೂಢಿಯೋ?

ಮನುಷ್ಯನ ನಡತೆಯನ್ನು ಅಳೆಯಲು ನಮ್ಮ ಹಿರಿಯರಿಗೆ ಪ್ರತಿಸಲವೂ ಗ್ರಂಥವನ್ನು ಬಿಚ್ಚಬೇಕಾಗಿರಲಿಲ್ಲ. ಜಗಲಿಯ ಮೇಲೆ ಕುಳಿತು ಒಂದು ಗಾದೆಯನ್ನಾಡಿದರೆ ಸಾಕಾಗುತ್ತಿತ್ತು. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ಪದಗಳ ಅರ್ಥದೊಡನೆ ಗಾದೆಗಳೂ ಹೇರಳವಾಗಿ ಸೇರಿರುವುದು ಅವುಗಳ ಬೆಲೆಗೆ ಸಾಕ್ಷಿಯಾಗಿದೆ.

ಗುಣದ ವಿಷಯದಲ್ಲಿ ಗಾದೆಗಳದು ಎರಡು ಪಕ್ಷ. 'ಹುಟ್ಟುಗುಣ ಸುಟ್ಟರೂ ಹೋಗದು' ಎಂಬುದು ಒಂದು. 'ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ' ಎಂಬುದು ಇನ್ನೊಂದು. ವಿನೋದವೇನೆಂದರೆ, ಮೊದಲನೆಯದನ್ನು ನಾವು ನಮ್ಮ ಕೋಪಕ್ಕೆ ಸಮಾಧಾನವಾಗಿಯೂ ನೆರೆಮನೆಯವರ ಕೋಪಕ್ಕೆ ತೀರ್ಪಾಗಿಯೂ ಬಳಸುತ್ತೇವೆ! ಪಾಠದಲ್ಲಿ ಹಿಂದುಳಿದ ಬಾಲಕನಿಗೆ ಅದನ್ನೇ ದಿನವೂ ಹೇಳುತ್ತಿದ್ದರೆ, ಅದು ಗಾದೆಯಾಗಿ ಉಳಿಯದೆ ಅವನ ಹಣೆಬರಹವೇ ಆಗಿಬಿಡುತ್ತದೆ.

ಜೀವರ ಸ್ವಭಾವವು ನಿತ್ಯವೆಂದು ನಮ್ಮ ಸಿದ್ಧಾಂತವೇ ಹೇಳುವುದಿಲ್ಲವೇ ಎಂದು ಕೆಲವರು ಕೇಳಬಹುದು. ನಿಜ. ಆದರೆ ಸಂಸಾರದಲ್ಲಿರುವವರೆಗೆ ಆ ಸ್ವರೂಪವು ಅವಿದ್ಯಾ-ಕಾಮ-ಕರ್ಮಗಳಿಂದ ಮುಚ್ಚಿಹೋಗಿದೆ ಎಂಬುದೂ ಸಿದ್ಧಾಂತವೇ. ನಾವು ಪರರಲ್ಲಿ ಕಾಣುವುದು ಬಹುಮಟ್ಟಿಗೆ ಆ ಹೊದಿಕೆಯನ್ನು ಮಾತ್ರ. ಹೊದಿಕೆಯನ್ನು ಕಂಡು ಒಳಗಿರುವವನಿಗೆ ಹೆಸರಿಡುವ ಅಧಿಕಾರ ನಮಗಿಲ್ಲ.

ಹಾಗಾದರೆ ರೂಢಿಯಾವುದು, ಸ್ವಭಾವವಾವುದು ಎಂದು ನಮ್ಮಲ್ಲೇ ಪರೀಕ್ಷಿಸಿಕೊಳ್ಳುವ ಬಗೆಯೆಂತು? ಚಾತುರ್ಮಾಸ್ಯವು ಅದಕ್ಕೊಂದು ಉಪಾಯವನ್ನು ತೋರಿಸುತ್ತದೆ. ಆಷಾಢ ಶುದ್ಧ ಏಕಾದಶಿಯಿಂದ ಮೊದಲುಗೊಂಡು ಒಂದು ತಿಂಗಳು ಶಾಕ, ಮುಂದಿನ ತಿಂಗಳು ಮೊಸರು, ಅನಂತರ ಹಾಲು, ಕಡೆಗೆ ದ್ವಿದಳ ಧಾನ್ಯ, ಹೀಗೆ ಕ್ರಮವಾಗಿ ಬಿಡುತ್ತೇವೆ. ಮೊಸರಿಲ್ಲದೆ ಊಟವೇ ಮುಗಿಯದೆನ್ನುವವರೂ ಆ ತಿಂಗಳನ್ನು ಸುಖವಾಗಿ ಕಳೆಯುತ್ತಾರೆ. ಒಂದು ತಿಂಗಳು ಬಿಟ್ಟಿರಲು ಸಾಧ್ಯವಾದುದು ಹುಟ್ಟುಗುಣವಲ್ಲ, ರೂಢಿ. ಮೊಸರಿನ ಜೊತೆಗೆ ಚಾಡಿಮಾತನ್ನೂ ಒಂದು ತಿಂಗಳು ಬಿಟ್ಟು ನೋಡಬಾರದೇಕೆ?

ವ್ರತವೂ ಬರಿಯ ರೂಢಿಯಾಗುವ ಅಪಾಯವುಂಟು. ಹುಣಸೆ-ಮೆಣಸಿನಕಾಯಿಗಳ ಬದಲು ಮಾವು-ಕಾಳುಮೆಣಸು ಬಂದು, ಶಾಕವ್ರತದ ಅಡುಗೆಯೇ ಹೆಚ್ಚು ರುಚಿಯೆಂದು ನಾಲಗೆ ಕಾಯತೊಡಗಿದರೆ, ಗೆದ್ದವರು ನಾವಲ್ಲ, ನಾಲಗೆ! ಎಲ್ಲರೂ ಮಾಡುತ್ತಾರೆಂದು ಮಾಡುವುದನ್ನು ಶಾಸ್ತ್ರಜ್ಞರು ಗಡ್ಡರಿಕಾಪ್ರವಾಹನ್ಯಾಯ ಎಂದು ಕರೆದರು. ಮುಂದಿನ ಕುರಿಯ ಹಿಂದೆ ಮಂದೆಯೆಲ್ಲ ಹೋಗುವಂತೆ. ಆಚಾರವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಏಕೆ ಮಾಡುತ್ತೇವೆಂಬ ಅರಿವಿನಿಂದ ಮಾಡಬೇಕೆಂದು ಅರ್ಥ. ಕುರಿಯೂ ಯಾತ್ರಿಕನೂ ಒಂದೇ ದಾರಿಯಲ್ಲಿ ನಡೆಯಬಹುದು. ಎಲ್ಲಿಗೆ ಹೊರಟೆನೆಂಬುದು ಯಾತ್ರಿಕನಿಗೆ ಗೊತ್ತಿರುತ್ತದೆ.

ನಮ್ಮ ಕಡಬದ ಕೆರೆಯ ಏರಿಯ ಮೇಲೆ ನಿಂತವರಿಗೆ ಈ ಮಾತು ಕಣ್ಣಿಗೇ ಕಾಣುವುದು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿದ ಶಿಂಷಾ ನದಿಯನ್ನು ಇಲ್ಲಿ ಏರಿ ಕಟ್ಟಿ ನಿಲ್ಲಿಸಿದ್ದಾರೆ. ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಅದೇ ನದಿಗೆ ಮತ್ತೊಂದು ಅಣೆಕಟ್ಟು. ತಗ್ಗಿಗೆ ಹರಿಯುವುದು ನೀರಿನ ಸ್ವಭಾವ. ಏರಿಯು ಆ ಸ್ವಭಾವವನ್ನು ಬದಲಿಸಲಿಲ್ಲ; ಹರಿಯುವ ದಾರಿಯನ್ನು ಮಾತ್ರ ಬದಲಿಸಿತು. ತಗ್ಗಿಗೆ ಹರಿಯುವ ಆ ಗುಣದಿಂದಲೇ ತೂಬಿನ ನೀರು ಗದ್ದೆಯನ್ನು ಮುಟ್ಟುತ್ತದೆ.

ಮಕ್ಕಳ ಹಟವೂ ಹಾಗೆಯೇ. ಅದನ್ನು ಸುಡಲು ಹೋಗದೆ, ಒಂದು ಕಾಲುವೆಯನ್ನು ತೋಡಿಕೊಟ್ಟರೆ, ಅದೇ ಹಟವು ನಾಳೆ ಪಾಠದಲ್ಲಿ ದೃಢತೆಯಾದೀತು. ಗಾದೆಯು ನಮ್ಮ ಮುಖಕ್ಕೆ ಕನ್ನಡಿಯಾಗಿರಲಿ. ಪರರ ಬೆನ್ನಿಗೆ ಬೆತ್ತವಾಗದಿರಲಿ.

ಶ್ರೀಕೃಷ್ಣಾರ್ಪಣಮಸ್ತು.