ಇನ್ನೊಬ್ಬರ ಮಾತು ನಮ್ಮ ಬಾಯಲ್ಲಿ ಅಮಾನತ್



ಇಫ್ತಾರಿನ ಹೊತ್ತಿಗೆ ಇಲ್ಲಿ ಫೊಯರ್‌ಬಾಕ್‌ನಲ್ಲಿ ನಮ್ಮ ಸಾಲಿನಲ್ಲಿ ಕುಳಿತವರನ್ನು ಒಮ್ಮೆ ನೋಡಿ. ಹೋಟೆಲಿನ ಅಡುಗೆಮನೆಯಿಂದ ಬಂದವರಿದ್ದಾರೆ, ಗೋದಾಮಿನ ರಾತ್ರಿ ಪಾಳಿಗೆ ಹೊರಟವರಿದ್ದಾರೆ, ಕಾರ್ಖಾನೆಯ ಬಟ್ಟೆಯಲ್ಲೇ ಓಡಿ ಬಂದವರಿದ್ದಾರೆ. ಇವರಲ್ಲಿ ಜರ್ಮನ್ ಚೆನ್ನಾಗಿ ಬಲ್ಲವರು ನಾಲ್ಕೈದು ಮಂದಿ. ಯಾರಿಗೆ ಹುಷಾರು ತಪ್ಪಿದರೂ ಮೊದಲು ಫೋನ್ ಬರುವುದು ಆ ನಾಲ್ಕೈದು ಮಂದಿಗೆ: "ನಾಳೆ ಡಾಕ್ಟರ ಹತ್ತಿರ ನನ್ನ ಜೊತೆ ಬರ್ತೀರಾ?"

ನಾನೂ ಅವರಲ್ಲಿ ಒಬ್ಬ. ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಓದಿದ್ದು ಬಿ.ಕಾಂ., ಜೊತೆಗೆ ಚಿಕ್ಕಂದಿನ ಮದ್ರಸದ ಪಾಠ. ನಾನು ಆಲಿಮ್ ಅಲ್ಲ, ವೈದ್ಯನೂ ಅಲ್ಲ. ಒಂದು ತಪ್ಪು ಮಾಡಿದವನು. ಆ ತಪ್ಪನ್ನು ನಿಮ್ಮ ಮುಂದಿಟ್ಟು ಒಂದು ಪ್ರಶ್ನೆ ಕೇಳಲಿಕ್ಕಿದೆ: ಸಹಾಯಕ್ಕೆಂದು ಹೋದವನ ಹಕ್ಕು ಎಲ್ಲಿಯವರೆಗೆ?

ಮೂರು ವರ್ಷದ ಹಿಂದಿನ ರಮಝಾನ್. ದಾವಣಗೆರೆ ಕಡೆಯ ಒಬ್ಬ ಹಿರಿಯರು, ಅಡುಗೆ ಕೆಲಸಕ್ಕೆ ಬಂದವರು. ನಾನು ಅವರನ್ನು ಭಾಯಿ ಎನ್ನುತ್ತೇನೆ, ಅವರು ನನ್ನನ್ನು ತಮ್ಮಾ ಎನ್ನುತ್ತಾರೆ. ಅವರಿಗೆ ಹಳೆಯ ಸಕ್ಕರೆ ಕಾಯಿಲೆ. ಕಾಲಿನ ಬೆರಳಿನಲ್ಲಿ ಎದ್ದ ಹುಣ್ಣು ಮಾಯದೆ ಕಪ್ಪಾಗಿತ್ತು. ಆಸ್ಪತ್ರೆಗೆ ಜೊತೆಗೆ ಹೋದೆ.

ವೈದ್ಯೆ ಸುಮಾರು ಇಪ್ಪತ್ತು ನಿಮಿಷ ಮಾತಾಡಿದರು. ಬೆರಳನ್ನು ತೆಗೆಯಬೇಕೆಂಬುದು ತಮ್ಮ ಅಭಿಪ್ರಾಯ ಎಂದರು. ಅದಕ್ಕೂ ಮೊದಲು ಕಾಲಿನ ರಕ್ತನಾಳಗಳನ್ನು ಪರೀಕ್ಷಿಸಿ, ಕಟ್ಟಿಕೊಂಡಿದ್ದರೆ ತೆರೆಯಲು ನೋಡಬಹುದು, ಅದರಿಂದ ಬೆರಳು ಉಳಿಯಲೂಬಹುದು, ಉಳಿಯದೆಯೂ ಇರಬಹುದು ಎಂದರು. ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವ ಹಕ್ಕು ರೋಗಿಗಿದೆ, ಅದರ ಖರ್ಚು ವಿಮೆಯದ್ದು ಎಂದೂ ಹೇಳಿದರು. ಕೊನೆಗೆ, "ಇವರು ಉಪವಾಸ ಇದ್ದಾರೆಯೇ?" ಎಂದು ಕೇಳಿದರು.

ನಾನು ಭಾಯಿಗೆ ಹೇಳಿದ್ದು ಎರಡು ನಿಮಿಷದ ಮಾತು. "ಚಿಕ್ಕ ಆಪರೇಷನ್ ಭಾಯಿ, ಬೆರಳು ಸ್ವಲ್ಪ ತೆಗೆಯುತ್ತಾರಂತೆ. ಹೆದರಬೇಡಿ, ಒಳ್ಳೆಯ ಡಾಕ್ಟರ್." ಉಪವಾಸದ ಪ್ರಶ್ನೆಗೆ ಅವರನ್ನು ಕೇಳದೆ ನಾನೇ "ಇಲ್ಲ" ಎಂದುಬಿಟ್ಟೆ, ವೈದ್ಯೆ ಸಿಟ್ಟಾದಾರು ಎಂದು. ಅವರು ಉಪವಾಸವಿದ್ದರು. ಮಾತ್ರೆಯನ್ನು ತಮಗೆ ತೋಚಿದಂತೆ ಸಹರಿಗೂ ಇಫ್ತಾರಿಗೂ ಹಂಚಿಕೊಂಡಿದ್ದರು.

ಭಾಯಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಖರ್ಚು ಎಷ್ಟಾಗುತ್ತೆ ತಮ್ಮಾ?" ಅದಕ್ಕೆ ಮಾತ್ರ ಪೂರ್ತಿ ಉತ್ತರ ಕೊಟ್ಟೆ. ಆಸ್ಪತ್ರೆಯಲ್ಲಿ ದಿನಕ್ಕೆ 10 ಯೂರೋ, ವರ್ಷಕ್ಕೆ ಹೆಚ್ಚೆಂದರೆ 28 ದಿನದ ಲೆಕ್ಕ, ಉಳಿದದ್ದು ಕ್ರಾಂಕನ್‌ಕಾಸೆಯದ್ದು ಎಂದೆ. ಹಣದ ಲೆಕ್ಕ ಸರಿಯಾಗಿ ಒಪ್ಪಿಸಿದೆ. ದೇಹದ ಲೆಕ್ಕ ಒಪ್ಪಿಸಲಿಲ್ಲ. ಅವರು ಸಹಿ ಮಾಡಿದರು, ಬೆರಳು ಹೋಯಿತು.

ತಿಂಗಳು ಕಳೆದ ಮೇಲೆ, ಇಲ್ಲಿಗೆ ಓದಲು ಬಂದಿದ್ದ ಅವರ ತಂಗಿಯ ಮಗ ಆಸ್ಪತ್ರೆಯ ಕಾಗದಗಳನ್ನು ಓದಿ ಹೇಳಿದ. ಆ ಶುಕ್ರವಾರ ಜುಮಾ ಮುಗಿದ ಮೇಲೆ ಭಾಯಿ ನನ್ನ ಪಕ್ಕಕ್ಕೆ ಬಂದು ಕುಳಿತರು. ಬೈಯಲಿಲ್ಲ. "ನೀನು ನನ್ನ ಒಳ್ಳೆಯದಕ್ಕೇ ಮಾಡಿದ್ದು, ಗೊತ್ತು. ಆದರೆ ಬೆರಳು ನನ್ನದಿತ್ತು ತಮ್ಮಾ" ಎಂದರು.

ಇನ್ನೊಬ್ಬ ತಜ್ಞರು ನೋಡಿದ್ದರೂ ಅದನ್ನೇ ಹೇಳುತ್ತಿದ್ದರೇನೋ. ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಆದರೆ ನನ್ನ ತಪ್ಪು ಅಲ್ಲಿಲ್ಲ. ಬೆರಳು ತೆಗೆದದ್ದೇ ಸರಿ ಎಂದು ನಾಳೆ ಸಾಬೀತಾದರೂ ನನ್ನ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಲೆಕ್ಕದವನ ಭಾಷೆಯಲ್ಲಿ ಹೇಳುವುದಾದರೆ, ಅವರಿಗೆ ಕೊಡಲೆಂದು ನನ್ನ ಕೈಗೆ ಇಪ್ಪತ್ತು ನಿಮಿಷ ಜಮೆಯಾಗಿತ್ತು. ನಾನು ಒಪ್ಪಿಸಿದ್ದು ಎರಡು. ಉಳಿದ ಹದಿನೆಂಟು ಎಲ್ಲಿ ಹೋಯಿತು? ಹಣದ ವಿಷಯದಲ್ಲಿ ಯಾರಾದರೂ ಹೀಗೆ ಮಾಡಿದರೆ ಅದನ್ನು ಏನೆಂದು ಕರೆಯುತ್ತೇವೆಂದು ನಿಮಗೆ ಗೊತ್ತು. "ಅವನ ಒಳ್ಳೆಯದಕ್ಕೇ ಇಟ್ಟುಕೊಂಡೆ" ಎಂದರೆ ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ.

ಮದ್ರಸದಲ್ಲಿ ಉಸ್ತಾದ್ ಹೇಳಿದ ಒಂದು ಹದೀಸಿನ ಘಟನೆ ಆಮೇಲೆ ನೆನಪಾಯಿತು. ನಿಮ್ಮಲ್ಲೂ ಹಲವರು ಕೇಳಿರಬಹುದು. ಜಾಬಿರ್(ರ) ವರದಿ ಮಾಡಿದ್ದು, ಅಬೂದಾವೂದ್‌ನಲ್ಲಿದೆ. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ತಗಲಿ ಗಾಯವಾಯಿತು. ಅವರಿಗೆ ಸ್ನಾನ ಕಡ್ಡಾಯವಾದಾಗ, ತಯಮ್ಮುಮ್ ಸಾಕೇ ಎಂದು ಜೊತೆಗಾರರನ್ನು ಕೇಳಿದರು. ನೀರು ಇರುವಾಗ ರಿಯಾಯಿತಿ ಇಲ್ಲ ಎಂದರು ಅವರು. ಆ ವ್ಯಕ್ತಿ ಸ್ನಾನ ಮಾಡಿ ತೀರಿಕೊಂಡರು. ಸುದ್ದಿ ತಿಳಿದ ಪ್ರವಾದಿವರ್ಯರು(ಸ) ಬಹಳ ಕಟುವಾಗಿ ಮಾತಾಡಿದರು. ಗೊತ್ತಿಲ್ಲದಿದ್ದಾಗ ಕೇಳುವುದೇ ಅಜ್ಞಾನಕ್ಕೆ ಔಷಧ ಎಂಬ ಅರ್ಥದಲ್ಲಿ ಎಚ್ಚರಿಸಿದರು. ಆ ಜೊತೆಗಾರರು ಕೆಟ್ಟವರಾಗಿರಲಿಲ್ಲ. ಸಹಾಯ ಮಾಡಿದೆವೆಂದೇ ತಿಳಿದಿದ್ದರು. ನನ್ನ ಹಾಗೆ.

ಸಲಹೆ ಕೇಳಿಸಿಕೊಂಡವನು ಅಮಾನತ್ ಹೊತ್ತವನು ಎಂಬ ಇನ್ನೊಂದು ಹದೀಸೂ ನಮಗೆ ಗೊತ್ತಿರುವುದೇ. ಸಲಹೆ ಕೊಡುವವನಿಗೇ ಇಷ್ಟು ಹೊಣೆಯಾದರೆ, ಬರೀ ಮಾತು ದಾಟಿಸಲು ಹೋದವನಿಗೆ ಅದರಲ್ಲಿ ಕಡಿತ ಮಾಡುವ ಹಕ್ಕು ಎಲ್ಲಿಂದ ಬಂತು?

ಇಲ್ಲಿ ನೀವು ಒಂದು ಮಾತು ಕೇಳಬಹುದು: "ಎಲ್ಲವನ್ನೂ ಹೇಳಿ ರೋಗಿಯನ್ನು ಹೆದರಿಸುವುದು ದಯೆಯೇ?" ನ್ಯಾಯವಾದ ಪ್ರಶ್ನೆ. ಎಲ್ಲವನ್ನೂ ತಿಳಿಯಲು ಎಲ್ಲರಿಗೂ ಮನಸ್ಸಿರುವುದಿಲ್ಲ. "ನನಗೆ ವಿವರ ಬೇಡ" ಎಂದು ರೋಗಿ ಸ್ಪಷ್ಟವಾಗಿ ಹೇಳಿದರೆ ಈ ದೇಶದ ಕಾನೂನೂ ಅದನ್ನು ಒಪ್ಪುತ್ತದೆ. ಆದರೆ ಆ ಮಾತು ರೋಗಿಯ ಬಾಯಿಂದ ಬರಬೇಕು, ನನ್ನ ಊಹೆಯಿಂದ ಬರಬಾರದು. ದಯೆಯನ್ನು ಹೇಳುವ ರೀತಿಯಲ್ಲಿ ತೋರಿಸೋಣ: ಕೈ ಹಿಡಿದು, ನಿಧಾನವಾಗಿ, ಬೇಕಾದರೆ ಎರಡು ಸಲ ಹೇಳೋಣ. ವಿಷಯವನ್ನೇ ಕಳೆದುಬಿಡುವುದು ದಯೆಯಲ್ಲ. ನಿಜ ಹೇಳಬೇಕೆಂದರೆ, ಅಂದು ನಾನು ಮಾತು ಕಡಿಮೆ ಮಾಡಿದ್ದು ದಯೆಗಾಗಿ ಮಾತ್ರವಲ್ಲ. ಎರಡು ಗಂಟೆಯೊಳಗೆ ಆಫೀಸಿಗೆ ಮರಳಬೇಕಿತ್ತು. ನನ್ನ ಅವಸರಕ್ಕೆ ದಯೆಯ ಹೆಸರಿಟ್ಟೆ.

ಇನ್ನೊಂದು ಭಾವನೆ ನಮ್ಮ ಕಾರ್ಮಿಕರಲ್ಲಿದೆ. ಪರದೇಶ, ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ನೋಡುತ್ತಿದ್ದಾರೆ, ಪ್ರಶ್ನೆ ಕೇಳಿದರೆ ಉಪಕಾರ ಮರೆತಂತೆ ಎಂದು. ಸಹೋದರರೇ, ನಿಮ್ಮ ಸಂಬಳದ ಚೀಟಿ ತೆಗೆದು ನೋಡಿ. ಕಾರ್ಮಿಕರ ಆರೋಗ್ಯ ವಿಮೆಯ ಕಾನೂನು ಜರ್ಮನಿಯಲ್ಲಿ 1883ರಲ್ಲೇ ಬಂತು. ಇಂದು ಸಂಬಳದ ಶೇಕಡಾ 14.6 ಮೂಲ ವಂತಿಗೆ, ಅದರ ಮೇಲೆ ಆಯಾ ಕಾಸೆಯ ಹೆಚ್ಚುವರಿ ವಂತಿಗೆ. ಎರಡರಲ್ಲೂ ಅರ್ಧ ನಿಮ್ಮದು, ಅರ್ಧ ಮಾಲೀಕರದ್ದು. ಇದು ಭಿಕ್ಷೆಯಲ್ಲ. ಸಂಬಳ ಕಡಿಮೆಯಿದ್ದವನೂ ಹೆಚ್ಚಿದ್ದವನೂ ಒಂದೇ ಮಂಚದ ಚಿಕಿತ್ಸೆಗೆ ಹಕ್ಕುದಾರರಾಗುವ ಏರ್ಪಾಡು.

ಪ್ರಶ್ನೆ ಕೇಳುವುದೂ ಅದೇ ಹಕ್ಕಿನ ಭಾಗ. 2013ರಲ್ಲಿ ಬಂದ ರೋಗಿಗಳ ಹಕ್ಕಿನ ಕಾನೂನಿನ ಪ್ರಕಾರ ವೈದ್ಯರು ಚಿಕಿತ್ಸೆಗೆ ಮೊದಲು ಬಾಯಿಮಾತಿನಲ್ಲೇ ವಿವರಿಸಬೇಕು. ರೋಗಿಗೆ ಅರ್ಥವಾಗುವಂತೆ ಹೇಳಬೇಕು, ಯೋಚಿಸಲು ಸಮಯ ಸಿಗುವಷ್ಟು ಮುಂಚೆ ಹೇಳಬೇಕು. ಬೇರೆ ದಾರಿಗಳಿದ್ದರೆ ಅದನ್ನೂ ತಿಳಿಸಬೇಕು. ಸಹಿ ಹಾಕಿದ ಕಾಗದದ ಪ್ರತಿಯನ್ನು ಕೊಡಬೇಕು. ಸಕ್ಕರೆ ಕಾಯಿಲೆಯಿಂದ ಕೆಟ್ಟ ಪಾದದ ಭಾಗ ತೆಗೆಯುವುದು, ಮಂಡಿಚಿಪ್ಪು ಬದಲಿಸುವುದು, ಗರ್ಭಕೋಶ ತೆಗೆಯುವುದು ಮುಂತಾದ ಕೆಲವು ಯೋಜಿತ ಆಪರೇಷನ್‌ಗಳಿಗೆ ಎರಡನೇ ತಜ್ಞರ ಅಭಿಪ್ರಾಯ ಪಡೆಯುವ ಹಕ್ಕು ಕಾನೂನಿನಲ್ಲೇ ಇದೆ. ಸಾಮಾನ್ಯವಾಗಿ ಹತ್ತು ದಿನ ಮುಂಚೆ ಅದನ್ನು ತಿಳಿಸಬೇಕು. ಅಂದು ವೈದ್ಯೆ ತಮ್ಮ ಕರ್ತವ್ಯ ಮಾಡಿದ್ದರು. ಕಾನೂನು ನನ್ನ ನಾಲಿಗೆಯ ತನಕ ಬಂದು ಅಲ್ಲೇ ನಿಂತುಹೋಯಿತು.

ಊರಿನ ವಿಷಯದಲ್ಲೂ ಹೀಗೆಯೇ ಮಾಡುತ್ತೇವೆ. ಹಣ ಕಳಿಸುವವನೇ ನಿರ್ಧರಿಸುವವನು ಎಂಬ ಅಭ್ಯಾಸ ನಮಗೆ ಬಂದುಬಿಟ್ಟಿದೆ. ಇಲ್ಲಿಂದ ಫೋನಿನಲ್ಲೇ "ಉಮ್ಮನನ್ನು ಆ ಆಸ್ಪತ್ರೆಗೆ ಸೇರಿಸಿ, ಅವರಿಗೆ ಏನೂ ಹೇಳಬೇಡಿ" ಎನ್ನುತ್ತೇವೆ. ಸಾಲ ಮಾಡಿ ಖಾಸಗಿ ಆಸ್ಪತ್ರೆಗೆ ಕಟ್ಟುತ್ತೇವೆ. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ನೆರವು ಇದೆ. ಮೊದಲು ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ ಎಂದು ಎಷ್ಟು ಮಂದಿ ಮನೆಗೆ ಹೇಳಿದ್ದೇವೆ? ಉಮ್ಮನಿಗೆ ಯಾವುದು ಬೇಕು ಎಂದು ಎಷ್ಟು ಮಂದಿ ಕೇಳಿದ್ದೇವೆ? ನಮ್ಮ ದೇಶದ ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೋಹ್ಲಿ ಪ್ರಕರಣದಲ್ಲಿ ಇದನ್ನೇ ಹೇಳಿತು. ಪರೀಕ್ಷೆಗೆಂದು ಪ್ರಜ್ಞೆ ತಪ್ಪಿಸಿದ್ದ ಮಹಿಳೆಯ ಗರ್ಭಕೋಶವನ್ನು, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಬಿಟ್ಟಿದ್ದರು. ವಯಸ್ಕಳಾದ ಮಗಳ ಪರವಾಗಿ ತಾಯಿಯ ಒಪ್ಪಿಗೆಯೂ ಸಲ್ಲದು ಎಂದಿತು ನ್ಯಾಯಾಲಯ. ಹೆತ್ತ ತಾಯಿಗೇ ಇಲ್ಲದ ಹಕ್ಕು ಜೊತೆಗೆ ಹೋದ ನನಗೆ ಇರಲು ಸಾಧ್ಯವೇ?

ಹಾಗಾದರೆ ಏನು ಮಾಡುವುದು? ನಾನು ಈಗ ಪಾಲಿಸುತ್ತಿರುವುದನ್ನು ಹೇಳುತ್ತೇನೆ.

ಜೊತೆಗೆ ಹೋಗುವ ಮೊದಲೇ ರೋಗಿಯನ್ನು ಕೇಳುತ್ತೇನೆ: "ಎಲ್ಲವನ್ನೂ ಹೇಳಲೇ, ಮುಖ್ಯವಾದದ್ದು ಸಾಕೇ?" ಅವರು ಹೇಳಿದಂತೆ ನಡೆಯುತ್ತೇನೆ.

ವೈದ್ಯರನ್ನು ಎರಡು ಮೂರು ವಾಕ್ಯಕ್ಕೊಮ್ಮೆ ನಿಲ್ಲಿಸಿ, ಅಷ್ಟನ್ನು ಹೇಳಿ, ಮುಂದೆ ಹೋಗುತ್ತೇನೆ. ಅರ್ಥವಾಗದ ಪದ ಬಂದರೆ "ನನಗೆ ಗೊತ್ತಾಗಲಿಲ್ಲ, ಇನ್ನೊಮ್ಮೆ ಹೇಳಿ" ಎನ್ನುತ್ತೇನೆ. ಅದರಲ್ಲಿ ನಾಚಿಕೆಯಿಲ್ಲ.

ರೋಗಿಗೆ ಕೇಳಿದ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ. ಉಪವಾಸದ ವಿಷಯವನ್ನಂತೂ ಮುಚ್ಚಿಡುವುದೇ ಇಲ್ಲ. ರೋಗಿಗಳು ಬೇರೆ ದಿನಗಳಲ್ಲಿ ಉಪವಾಸ ಪೂರ್ತಿ ಮಾಡಬಹುದೆಂಬ ರಿಯಾಯಿತಿ ಖುರ್‌ಆನ್‌ನಲ್ಲೇ ಇದೆ, ಗುಣವಾಗದ ಕಾಯಿಲೆಯವರಿಗೆ ಫಿದ್ಯಾದ ದಾರಿಯಿದೆ. ಸಕ್ಕರೆ ಕಾಯಿಲೆಯವರು ರಮಝಾನ್ ಬರುವ ಮೊದಲೇ ವೈದ್ಯರನ್ನೂ ಉಸ್ತಾದರನ್ನೂ ಕೇಳಿ.

"ನೀನಾದರೆ ಏನು ಮಾಡ್ತಿದ್ದೆ?" ಎಂದು ರೋಗಿ ಕೇಳಿದರೆ ಮಾತ್ರ ನನ್ನ ಅಭಿಪ್ರಾಯ ಹೇಳುತ್ತೇನೆ. ಇದು ವೈದ್ಯರ ಮಾತಲ್ಲ, ನನ್ನ ಮಾತು ಎಂದು ಬೇರೆ ಮಾಡಿ ಹೇಳುತ್ತೇನೆ.

ಶಾಲೆಗೆ ಹೋಗುವ ಮಕ್ಕಳನ್ನು ಇದಕ್ಕೆ ಕರೆದೊಯ್ಯಬೇಡಿ. 1961ರ ಒಪ್ಪಂದದ ನಂತರ ಇಲ್ಲಿಗೆ ಬಂದ ತುರ್ಕಿ ಕಾರ್ಮಿಕರ ಎಷ್ಟೋ ಮಕ್ಕಳು ತಂದೆತಾಯಿಯ ಕಾಯಿಲೆಯ ಸುದ್ದಿಯನ್ನು ತಮ್ಮ ಬಾಯಿಂದಲೇ ಅವರಿಗೆ ಹೇಳಬೇಕಾಯಿತು. ಆ ಭಾರ ನಮ್ಮ ಮಕ್ಕಳಿಗೆ ಬೇಡ. ಅನುವಾದಕರ ಖರ್ಚನ್ನು ಕಾಸೆ ಸಾಮಾನ್ಯವಾಗಿ ಕೊಡುವುದಿಲ್ಲ, ನಿಜ. ಆದರೂ ನಮ್ಮ ಭಾಷೆ ಬಲ್ಲ ಸಿಬ್ಬಂದಿ ಇದ್ದಾರೆಯೇ ಎಂದು ಆಸ್ಪತ್ರೆಯಲ್ಲಿ ಮೊದಲೇ ಕೇಳಿ. ಇಲ್ಲದಿದ್ದರೆ ನಮ್ಮನ್ನು ಕರೆಯಿರಿ.

ಮದ್ದು, ಆಸ್ಪತ್ರೆಯ ರಸೀದಿಗಳನ್ನು ಇಟ್ಟುಕೊಳ್ಳಿ. ವರ್ಷದ ಆದಾಯದ ಶೇಕಡಾ 2ಕ್ಕಿಂತ, ದೀರ್ಘಕಾಲದ ಗಂಭೀರ ಕಾಯಿಲೆಯವರಿಗೆ ಶೇಕಡಾ 1ಕ್ಕಿಂತ, ಹೆಚ್ಚು ಕಟ್ಟಿದ್ದರೆ ಅರ್ಜಿ ಕೊಟ್ಟು ವಿನಾಯಿತಿ ಪಡೆಯಬಹುದು. ಅರ್ಜಿ ತುಂಬಲು ನಾನಿದ್ದೇನೆ. ರಾತ್ರಿ ಅಥವಾ ರಜೆಯ ದಿನ ವೈದ್ಯರು ಬೇಕಾದರೆ 116117, ಜೀವಕ್ಕೆ ಅಪಾಯವಿದ್ದರೆ 112.

ಭಾಯಿ ಈ ಸಲ ರಮಝಾನಿಗೆ ಮೊದಲು ವೈದ್ಯರ ಬಳಿ ಹೋಗುವಾಗ ನನಗೇ ಫೋನ್ ಮಾಡಿದರು. ಬೇರೆಯವರನ್ನು ಕರೆಯಬಹುದಿತ್ತು, ಕರೆಯಲಿಲ್ಲ. ಒಳಗೆ ಹೋಗುವ ಮೊದಲು ನಕ್ಕು ಹೇಳಿದರು: "ಈ ಸಲ ಪೂರ್ತಿ ಹೇಳು ತಮ್ಮಾ." ಪೂರ್ತಿ ಹೇಳಿದೆ. ಈ ವರ್ಷ ಉಪವಾಸ ಬೇಡವೆಂದು ವೈದ್ಯರು ಹೇಳಿದರು, ಉಸ್ತಾದರೂ ಅದನ್ನೇ ಹೇಳಿದರು. ಭಾಯಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಕಣ್ಣು ತುಂಬಿತ್ತು. ಆಮೇಲೆ ತಾವೇ ನಿರ್ಧರಿಸಿದರು. ಈಗ ದಿನವೂ ನಮ್ಮ ಇಫ್ತಾರಿಗೆ ಗಂಜಿ ಮಾಡುವವರು ಅವರೇ.

ನಮ್ಮ ಕೈಗೆ ಬಂದ ಅಮಾನತನ್ನು ಕಡಿಮೆ ಮಾಡದೆ ಒಪ್ಪಿಸುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ, ನಮ್ಮ ರೋಗಿಗಳಿಗೆ ಶಿಫಾ ನೀಡಲಿ. ಆಮೀನ್.